ನಿಂಗರಾಜನ ತಕ್ಕಡಿ

ದೇವದುರ್ಗದ ಹಳೇ ಬಸ್ ನಿಲ್ದಾಣದ ಎದುರು ನಿಂಗರಾಜನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಹೋಗಿ ವಿಂಡೋಸ್ ಬದಲು ಯಾವ ಲಿನಕ್ಸ್ ಹಾಕಿಸಿಕೊಂಡರೆ ಒಳ್ಳೆಯದು ಎಂದು ಕೇಳುವವರು ಮನೆಯಲ್ಲಿ ಊಟ ಮುಗಿಸಿಕೊಂಡೇ ಹೋಗಬೇಕು. ಅವನು ಮೊದಲು ಸ್ಟೂಲು ಎಳೆದು ಕೂರಿಸುತ್ತಾನೆ. ಲಿನಕ್ಸ್ ಎಂದರೆ ಒಂದೇ ಒಂದಲ್ಲ, ಅದನ್ನು ಕಟ್ಟಿ ಹಂಚುವವರು ಬೇಕಾದಷ್ಟು ಮಂದಿ ಇದ್ದಾರೆ, ಒಬ್ಬೊಬ್ಬರದು ಒಂದೊಂದು ಪಂಗಡ ಎಂದು ಶುರು ಮಾಡುತ್ತಾನೆ. ಉಬುಂಟು ಯಾಕೆ ಬೇಡ, ಮಿಂಟ್ ಯಾಕೆ ಸೋಮಾರಿಗಳಿಗೆ, ಆರ್ಚ್ ಯಾಕೆ ಜಂಬದವರಿಗೆ ಎಂದೆಲ್ಲ ಹೇಳಿ ಕೊನೆಗೆ ಡೆಬಿಯನ್‌ಗೆ ಬಂದು ನಿಲ್ಲುತ್ತಾನೆ. ಅಲ್ಲಾದರೂ ಸಮಾಧಾನದಿಂದ ನಿಲ್ಲುತ್ತಾನೆಯೇ ಎಂದರೆ, ಇಲ್ಲ. ಈಚೆಗೆ ಡೆಬಿಯನ್ನಿನವರೂ ವೈಫೈ ಕಾರ್ಡಿಗೆ ಬೇಕಾಗುವ ಫರ್ಮ್‌ವೇರ್ ಎಂಬ, ಒಳಗೆ ನೋಡಲು ಬಿಡದ ಮುಚ್ಚಿದ ತಂತ್ರಾಂಶವನ್ನು ಜೊತೆಗೇ ಕೊಡತೊಡಗಿದ್ದಾರೆಂದು ಅವರ ಮೇಲೂ ಸಿಟ್ಟು. ಇಷ್ಟು ಹೊತ್ತಿಗೆ ಗಿರಾಕಿ ಆಕಳಿಸಿ, ಹಳೇ ವಿಂಡೋಸನ್ನೇ ಹಾಕಿಕೊಡಿ ಮಾರಾಯರೇ ಎಂದು ಕೈ ಮುಗಿದಿರುತ್ತಾನೆ.

ನಗಬೇಡಿ, ಆ ಮನುಷ್ಯ ಸುಳ್ಳನಲ್ಲ. ಅವನ ತತ್ವ ನೆಟ್ಟಗಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ತೆರೆದು ನೋಡಲು ಬಿಡದ ತಂತ್ರಾಂಶವನ್ನು ನಂಬಬಾರದು. ನೋಡಲು ಬಿಡುವುದನ್ನು ನಂಬಬಹುದು. ಬಳಸಲು, ನೋಡಲು, ತಿದ್ದಲು, ಹಂಚಲು ಎಲ್ಲರಿಗೂ ಬಿಡುಗಡೆ ಇರಬೇಕು. ಇದನ್ನು ಬಿಟ್ಟು ಅವನಿಗೆ ಬೇರೆ ದೇವರಿರಲಿಲ್ಲ.

ಅವನ ಜೊತೆ ಜಗಳಕ್ಕೆ ತಕ್ಕ ಜೋಡಿ ರಾಯಚೂರಿನ ಗೌತಮ. ತೀನ್ ಕಂದೀಲ್ ವೃತ್ತದ ಹತ್ತಿರ ಅವನದೊಂದು ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ. ಭಾನುವಾರ ನಿಂಗರಾಜ ರಾಯಚೂರಿಗೆ ಹೋದನೆಂದರೆ ಇಬ್ಬರೂ ಚಹಾದಂಗಡಿಯಲ್ಲಿ ಕೂತು, ಗ್ಲಾಸು ತಣ್ಣಗಾಗುವವರೆಗೆ ಕಾದಾಡುತ್ತಿದ್ದರು. ಗೌತಮನೂ ಲಿನಕ್ಸಿನವನೇ, ಆದರೆ ಅವನಿಗೆ ಕೆಲಸ ಆಗಬೇಕು ಅಷ್ಟೇ. ಪ್ರಿಂಟರ್ ನಡೆಯಲು ಡ್ರೈವರ್ ಎಂಬ ಮುಚ್ಚಿದ ತಂತ್ರಾಂಶ ಬೇಕೆ, ಹಾಕು. ಗಿರಾಕಿಗೆ ಹಸಿರು ಬಣ್ಣದ ಮೆನು ಇಷ್ಟವೇ, ಮಿಂಟ್ ಕೊಡು. ತತ್ವ ಹಿಡಿದುಕೊಂಡು ಕೂತರೆ ಯಾರೂ ನಮ್ಮ ಕಡೆ ಬರುವುದಿಲ್ಲ ಎನ್ನುವುದು ಅವನ ವಾದ. ಹೀಗೆ ಬಂದವರು ನಮಗೆ ಬೇಡವೇ ಬೇಡ ಎನ್ನುವುದು ನಿಂಗರಾಜನ ವಾದ.

ಹೋದ ವರ್ಷದ ಸುಗ್ಗಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕರೆಸಿಕೊಂಡವರು ಚನ್ನವೀರ ಸಾವ್ಕಾರರು. ಮಾನ್ವಿಯ ಹೊರಗೆ ಸಿರವಾರ ರಸ್ತೆಗೆ ಅವರ ಅಕ್ಕಿ ಗಿರಣಿ. ಅಲ್ಲಿನ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕು ಎಲ್ಲದಕ್ಕೂ ಬೀಗ ಬಿದ್ದಿತ್ತು. ಕದ್ದ ವಿಂಡೋಸ್, ಕದ್ದ ತೂಕದ ಪ್ರೋಗ್ರಾಮು, ಯಾರ ಮುಂದೆ ಅತ್ತುಕೊಳ್ಳುವುದು? ಗಾಡಿ ಸಮೇತ ತೂಗುವ ವೇಬ್ರಿಜ್ಜಿನ ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ನಿಂತಿದ್ದವು. ಇಂಥ ಹೊತ್ತಿನಲ್ಲಿ ಈ ಇಬ್ಬರು ಪುಣ್ಯಾತ್ಮರು ಗಿರಣಿಯ ಅಂಗಳದಲ್ಲಿ ನಿಂತು ಯಾವ ಲಿನಕ್ಸ್ ಎಂದು ಜಗಳ ತೆಗೆದರು. ಮಿಂಟ್ ಹಾಕಿದರೆ ವೈಫೈ ತಾನೇ ಹತ್ತುತ್ತದೆ, ಮಧ್ಯಾಹ್ನದೊಳಗೆ ಗಾಡಿ ಬಿಡಬಹುದು ಎಂದು ಗೌತಮ. ರೈತನ ಅನ್ನ ತೂಗುವ ಯಂತ್ರದಲ್ಲಿ ಮುಚ್ಚಿದ ವಸ್ತು ಒಂದು ಚೂರೂ ಇರಕೂಡದು ಎಂದು ನಿಂಗರಾಜ. ಟ್ರ್ಯಾಕ್ಟರಿನವರೆಲ್ಲ ಇಳಿದು ಬಂದು ಸುತ್ತ ನಿಂತು ಮಜಾ ನೋಡಿದರು. ಗೆದ್ದದ್ದು ನಿಂಗರಾಜನ ಗಂಟಲು. ಅವನು ವೈಫೈ ಕಾರ್ಡನ್ನೇ ಕಿತ್ತು ಮೇಜಿನ ಮೇಲಿಟ್ಟು, ಆಫೀಸಿನಿಂದ ತೂಕದ ಕೋಣೆಯವರೆಗೆ ಕೇಬಲ್ ಎಳೆದು, ಡೆಬಿಯನ್ ಕೂರಿಸಿದ. ತೂಕದ ಪ್ರೋಗ್ರಾಮನ್ನೂ ತಾನೇ ಬರೆದು ಅದಕ್ಕೆ ‘ತಕ್ಕಡಿ’ ಎಂದು ಹೆಸರಿಟ್ಟ.

ಬರೆದುಕೊಟ್ಟದ್ದಲ್ಲದೆ, ಅದರ ಪರವಾನಗಿಯನ್ನು ಸಾವ್ಕಾರರಿಗೆ ಕೂರಿಸಿಕೊಂಡು ವಿವರಿಸಿದ. ಇದು ಇನ್ನು ನಿಮ್ಮದು, ಯಾವ ಕೆಲಸಕ್ಕಾದರೂ ಬಳಸಿ, ಬೇಕಾದ ಹಾಗೆ ತಿದ್ದಿಕೊಳ್ಳಿ, ನನ್ನನ್ನು ಕೇಳುವ ಅಗತ್ಯವಿಲ್ಲ ಎಂದ. ಸಾವ್ಕಾರರು ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು. ತೂಕದ ಚೀಟಿಯ ಕೆಳಗೆ ಒಂದು ಸಾಲು ಅಚ್ಚಾಗುತ್ತಿತ್ತು: ‘ಇದು ಮುಕ್ತ ತಂತ್ರಾಂಶ. ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು. ನಿಂಗರಾಜ, ದೇವದುರ್ಗ.’

ಆ ಒಂದು ಸಾಲು ಬಾಗಲವಾಡದಲ್ಲಿ ದೊಡ್ಡ ಮಾತಾಯಿತು. ಬಾಗಲವಾಡ ನಿಂಗರಾಜನ ತಾಯಿಯ ಊರು. ಅಲ್ಲಿನವರು ಮೊದಲೆಲ್ಲ ಭತ್ತದ ಗಾಡಿಯನ್ನು ಕವಿತಾಳದ ಖಾಸಗಿ ವೇಬ್ರಿಜ್ಜಿನಲ್ಲಿ ಒಮ್ಮೆ ತೂಗಿಸಿಕೊಂಡೇ ಗಿರಣಿಗೆ ಹೋಗುತ್ತಿದ್ದರು. ಗಿರಣಿಯವರ ತೂಕವನ್ನು ಯಾರು ನಂಬುತ್ತಾರೆ? ತಕ್ಕಡಿ ಬಂದ ಮೇಲೆ ಅದನ್ನು ಬಿಟ್ಟರು. ನಮ್ಮ ನಿಂಗ್ಯಾ ಮಾಡಿದ್ದು, ಮತ್ತೆ ಯಾಕೆ ಎರಡೆರಡು ತೂಕ, ಎಂದು ಮೊದಲು ಬಿಟ್ಟವನು ಅವನ ಸೋದರಮಾವ ಹನುಮಂತ್ರಾಯ. ಆಮೇಲೆ ಊರೇ ಬಿಟ್ಟಿತು.

ಈ ವರ್ಷದ ಸುಗ್ಗಿಯಲ್ಲಿ, ಒಂದು ಬೆಳಗ್ಗೆ, ನಿಂಗರಾಜ ಅಂಗಡಿಯ ಶಟರ್ ಎತ್ತುತ್ತಿರುವಾಗ ಆ ಮಾವನ ಫೋನು ಬಂತು.

"ಅಳಿಯಾ, ಇದ್ದ ಹಂಗ ಹೊಂಟು ಬಾ. ಪರಮ್ಯಾ ಕಳ್ಳ ಆಗ್ಯಾನ."

ಪರಮಣ್ಣ ಮಾವನ ಟ್ರ್ಯಾಕ್ಟರ್ ಡ್ರೈವರ್. ಮೀಸೆ ಮೂಡುವ ಮೊದಲೇ ಆ ಮನೆಗೆ ಬಂದವನು, ಈಗ ತಲೆಯೆಲ್ಲ ನೆರೆತಿದೆ. ಮಾವ ಹೇಳಿದ್ದು ಇಷ್ಟು. ಈ ಸಲ ಗಿರಣಿಗೆ ಹೋದ ಪ್ರತಿಯೊಂದು ಗಾಡಿಯಲ್ಲೂ ಎರಡು ಚೀಲದಷ್ಟು ಭತ್ತ ಕಮ್ಮಿ ಬರುತ್ತಿದೆ. ಬೆಳೆ ಹೋದ ವರ್ಷದಂಥದ್ದೇ, ಟ್ರೇಲರ್ ಅದೇ, ತುಂಬುವುದೂ ಅಂಚಿನವರೆಗೆ. ಕೊಯ್ಯುವ ಯಂತ್ರ ಹೊಲದಲ್ಲಿರುವಾಗ ಮಾವ ಅಲ್ಲಿಂದ ಕದಲುವಂತಿಲ್ಲ, ಹಾಗಾಗಿ ಗಾಡಿಯ ಜೊತೆ ಪರಮಣ್ಣ ಒಬ್ಬನೇ ಹೋಗುತ್ತಾನೆ. ದಾರಿಯಲ್ಲಿ ಅವನ ಅತ್ತೆಯ ಮನೆ ಬೇರೆ ಇದೆ. ಯಂತ್ರ ಸುಳ್ಳು ಹೇಳುವುದಿಲ್ಲವೆಂದು ಅಳಿಯನೇ ಹೇಳಿದ್ದಾನೆ. ಇನ್ನು ಉಳಿದದ್ದು ಮನುಷ್ಯ ಒಬ್ಬನೇ. ನಿನ್ನೆ ಸಂಜೆ ಮಾವ ಮಂದಿಯೆದುರು ಪರಮಣ್ಣನ ಕಪಾಳಕ್ಕೆ ಹೊಡೆದಿದ್ದ. ನಾನಲ್ಲ ಎಂದ ಪರಮಣ್ಣ. ಹಾಗಾದರೆ ದೀಪ ಮುಟ್ಟಿ ಆಣೆ ಮಾಡು ಎಂದರೆ, ಕದ್ದವನು ಮಾಡಲಿ, ನಾನ್ಯಾಕೆ ಮಾಡಲಿ ಎಂದನಂತೆ. ಅದಕ್ಕೆ ಇವತ್ತು ಮಧ್ಯಾಹ್ನದೊಳಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರುತ್ತಾರೆ. ಕಳ್ಳನೆಂದು ತೀರ್ಮಾನವಾದರೆ ಅವನು ಮಾವನ ಜಾಗದಲ್ಲಿರುವ ಗುಡಿಸಲು ಬಿಟ್ಟು ಊರಿಂದ ಹೋಗಬೇಕು.

"ನೀ ಬಂದು ಹಿರೇರ ಮುಂದ ಒಂದ ಮಾತು ಹೇಳು, ಯಂತ್ರ ಸುಳ್ಳು ಹೇಳಂಗಿಲ್ಲ ಅಂತ. ಮುಗೀತು," ಎಂದು ಮಾವ ಫೋನಿಟ್ಟ.

ಸಣ್ಣವನಿದ್ದಾಗ ಶಾಲೆಯ ರಜೆಗೆ ಬಾಗಲವಾಡಕ್ಕೆ ಹೋದರೆ ನಿಂಗರಾಜ ಇಡೀ ದಿನ ಪರಮಣ್ಣನ ಪಕ್ಕದಲ್ಲೇ ಇರುತ್ತಿದ್ದ. ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಡದೆ ಪರಮಣ್ಣ ಉಣ್ಣುತ್ತಿರಲಿಲ್ಲ. ಅಂಥವನು ಕದಿಯುವನೇ? ಆದರೆ ತಕ್ಕಡಿ ಸುಳ್ಳು ಹೇಳುವುದೇ? ಬೈಕು ಹತ್ತಿ ಸಿರವಾರ ದಾಟುವ ಹೊತ್ತಿಗೆ ಈ ಎರಡರಲ್ಲಿ ಒಂದನ್ನು ಅವನು ಆರಿಸಿಕೊಂಡಿದ್ದ. ಮನುಷ್ಯನಿಗೆ ವಯಸ್ಸಾಗುತ್ತದೆ, ಕಷ್ಟ ಬರುತ್ತದೆ, ಬುದ್ಧಿ ಕೆಡುತ್ತದೆ. ಪ್ರೋಗ್ರಾಮಿಗೆ ಅದೇನೂ ಇಲ್ಲ. ದಾರಿಯಲ್ಲೇ ಗಿರಣಿ ಇದೆಯಲ್ಲ, ಅಲ್ಲಿಂದ ಮಾವನ ಗಾಡಿಗಳ ತೂಕದ ಪ್ರತಿ ತೆಗೆದುಕೊಂಡು ಹೋದರೆ ಹಿರಿಯರ ಮುಂದೆ ಇಡಲು ಅನುಕೂಲ ಎಂದುಕೊಂಡ. ಪರಮಣ್ಣನ ವಿರುದ್ಧ ಸಾಕ್ಷಿ ಒಯ್ಯಲೆಂದು ಗಿರಣಿಗೆ ಹೋದನೆನ್ನುವುದನ್ನು ಮುಚ್ಚಿಡುವುದು ಬೇಡ.

ತೂಕದ ಕೋಣೆಯಲ್ಲಿ ನಾಗರತ್ನಾ ಕೂತಿದ್ದಳು. ಮಾನ್ವಿಯ ಹುಡುಗಿ, ಈ ವರ್ಷವೇ ಕೆಲಸಕ್ಕೆ ಸೇರಿದವಳು. ಇವನೇ ತಕ್ಕಡಿಯ ನಿಂಗರಾಜ ಎಂದು ತಿಳಿದು ಕುರ್ಚಿ ಬಿಟ್ಟುಕೊಟ್ಟಳು. ಹೊರಗೆ ಒಂದು ಟ್ರ್ಯಾಕ್ಟರ್ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಂತಿತ್ತು. ನಿಂಗರಾಜ ತೂಕಗಳನ್ನು ಹುಡುಕುತ್ತ ಪ್ರೋಗ್ರಾಮಿದ್ದ ಕಡೆ ಕಣ್ಣು ಹಾಯಿಸಿದ. ಕಡತ ತಿದ್ದಿದ ದಿನಾಂಕ ಈ ಸುಗ್ಗಿಯ ಆರಂಭದ್ದಿತ್ತು. ಅವನು ಒಂದು ವರ್ಷದಿಂದ ಅದನ್ನು ಮುಟ್ಟಿಯೇ ಇರಲಿಲ್ಲ. ತೆರೆದು ನೋಡಿದ.

ನಡುವೆ ಒಂದು ಹೊಸ ಸಾಲು. ತೂಕ ಐದು ಟನ್ ಮೀರಿದ್ದರೆ ನೂರಕ್ಕೆ ಎರಡರಷ್ಟು ಇಳಿಸಿ ತೋರಿಸು, ಅಷ್ಟೇ. ತುಂಬಿದ ಗಾಡಿ ಐದು ಟನ್ ಮೀರುತ್ತದೆ, ಖಾಲಿ ಗಾಡಿ ಮೀರುವುದಿಲ್ಲ. ಖಾಲಿ ಗಾಡಿಯ ತೂಕ ಎಲ್ಲ ಡ್ರೈವರುಗಳಿಗೂ ಬಾಯಿಪಾಠ, ಅದರಲ್ಲಿ ಹೆಚ್ಚುಕಮ್ಮಿ ಆದರೆ ಕೂಡಲೇ ಗೊತ್ತಾಗುತ್ತದೆ, ಹಾಗಾಗಿ ಅದನ್ನು ಮುಟ್ಟಿಲ್ಲ. ತುಂಬಿದ ಗಾಡಿಯಲ್ಲಿ ಮಾತ್ರ ಎರಡು ಚೀಲ ಮಾಯ. ಸಾಲಿನ ಪಕ್ಕದಲ್ಲಿ, ತಿದ್ದಿದವರು ತಮ್ಮ ಹೆಸರು ಬರೆಯಬೇಕೆಂಬ ಪರವಾನಗಿಯ ನಿಯಮಕ್ಕೆ ತಪ್ಪದೆ, ಬರೆದಿತ್ತು: ‘ಸೂಟು. ತಿದ್ದಿದವರು ಗೌತಮ, ರಾಯಚೂರು.’

ಸೂಟು ಎಂದರೆ ಈ ಕಡೆಯ ರೈತರಿಗೆಲ್ಲ ಗೊತ್ತು. ಧೂಳು, ತೇವ, ಜೊಳ್ಳು ಎಂದು ಕ್ವಿಂಟಲ್ಲಿಗೆ ಎರಡು ಕಿಲೋ ಮುರಿದುಕೊಳ್ಳುವ ರೂಢಿ. ಗಿರಣಿಯ ಗೋಡೆಯ ಮೇಲೆ ಬೋರ್ಡೇ ಇತ್ತು. ರೈತರು ಬೈದುಕೊಳ್ಳುತ್ತಲೇ ಒಪ್ಪಿಕೊಂಡದ್ದು ಅದು. ಆದರೆ ಅದನ್ನು ಮುರಿಯುವುದು ಆಫೀಸಿನಲ್ಲಿ, ಲೆಕ್ಕ ಮಾಡುವಾಗ, ರೈತನ ಕಣ್ಣೆದುರಿಗೆ. ಆಫೀಸಿನಲ್ಲಿ ಈಗಲೂ ಮುರಿಯುತ್ತಾರೇನಮ್ಮಾ ಎಂದು ನಿಂಗರಾಜ ಕೇಳಿದ. ಹೂಂ ರೀ ಎಂದಳು ನಾಗರತ್ನಾ. ಅಂದಮೇಲೆ ಒಂದೇ ಸೂಟು ಎರಡು ಸಲ. ಒಂದು ಕಣ್ಣೆದುರಿಗೆ, ಇನ್ನೊಂದು ತಕ್ಕಡಿಯ ಹೊಟ್ಟೆಯೊಳಗೆ.

ಅವನು ಅಲ್ಲಿಂದಲೇ ಗೌತಮನಿಗೆ ಫೋನು ಹಚ್ಚಿದ. ಗೌತಮ ಮುಚ್ಚಿಡಲಿಲ್ಲ. ಸಾವ್ಕಾರರು ಕೈಯಿಂದ ಸೂಟು ಮುರಿಯುವುದು ತ್ರಾಸ, ಮಷೀನಿನಲ್ಲೇ ಹಾಕಿಕೊಡು ಎಂದರು, ಹಾಕಿಕೊಟ್ಟೆ ಎಂದ. ಖಾಲಿ ಗಾಡಿಗೆ ಸೂಟು ಹಿಡಿಯಬಾರದೆಂದೇ ಐದು ಟನ್ನಿನ ಗೆರೆ ಎಂದೂ ಹೇಳಿದ. ಆಫೀಸಿನಲ್ಲಿ ಇನ್ನೂ ಮುರಿಯುತ್ತಿದ್ದಾರೆ ಎಂದ ನಿಂಗರಾಜ. ನಿಂಗರಾಜ ಪರಮಣ್ಣನ ವಿಷಯ ಹೇಳಿದ. ಕಟ್ಟೆಯ ಮೇಲೆ ಜನ ಸೇರುತ್ತಿರುವುದನ್ನು ಹೇಳಿದ.

"ನೀ ಈಗ ಆ ಮಷೀನ್ ಮುಂದನ ಕುಂತಿಯಲ್ಲ," ಎಂದ ಗೌತಮ. "ಆ ಸಾಲು ತಗದು ಹಾಕಿಬಿಡು. ಯಾರಿಗೂ ಗೊತ್ತಾಗಂಗಿಲ್ಲ. ಊರಾಗ ಹೋಗಿ, ವೈರ್ ಸಡಿಲ ಆಗಿತ್ತು, ತೂಕ ತಪ್ಪಿ ಬಂದದ ಅನ್ನು. ಅವನೂ ಉಳಕೋತಾನ, ನೀನೂ ಉಳಕೋತಿ."

ನಿನಗೆ ನಾಚಿಕೆ ಆಗುವುದಿಲ್ಲವೇ ಎಂದು ನಿಂಗರಾಜ ಗದರಿದ. ಮುಚ್ಚಿದ ಡ್ರೈವರ್ ಹಾಕುವವರು ಇದನ್ನೂ ಹಾಕುತ್ತೀರಿ, ನಿಮಗೆ ಎಲ್ಲವೂ ಒಂದೇ ಎಂದ. ಅದಕ್ಕೆ ಗೌತಮ ಹೇಳಿದ್ದು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

"ವೈಫೈ ಕಾರ್ಡಿನ ಸಲುವಾಗಿ ಟ್ರ್ಯಾಕ್ಟರ್ ಎಲ್ಲಾ ನಿಂದ್ರಿಸಿ ನನ್ನ ಕೂಡ ಜಗಳಾಡಿದಿ. ಈಗ ಸುಳ್ಳು ಎಲ್ಲಿಂದ ಬಂತು ನೋಡಲೇ. ಮುಚ್ಚಿದ್ದರಾಗಿಂದ ಬರಲಿಲ್ಲ, ನೀ ತೆರೆದಿಟ್ಟಿದ್ದರಾಗಿಂದನ ಬಂತು. ನಾ ಮೋಸ ಹೋದೆ, ಖರೇ. ನೀ ಒಂದ ದಿನಾನೂ ತಗದು ನೋಡಲಿಲ್ಲ, ಅದೂ ಖರೇ."

ಫೋನು ಇಟ್ಟಮೇಲೆ ನಿಂಗರಾಜನ ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. ಅಳಿಸಲು ಎಷ್ಟು ಹೊತ್ತು? ನಾಗರತ್ನಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು, ಬೇಕೆಂದೇ ನೋಡುತ್ತಿರಲಿಲ್ಲ. ಆ ಹುಡುಗಿಗೂ ಗೊತ್ತಿತ್ತೆಂದು ಕಾಣುತ್ತದೆ. ಅಳಿಸಿಬಿಟ್ಟರೆ ಮುಂದಿನ ಗಾಡಿಯಿಂದ ತೂಕ ಸರಿ. ಆದರೆ ಇಷ್ಟು ವರ್ಷ ಅವನು ಬೈದದ್ದಾದರೂ ಯಾರನ್ನು? ಹೇಳದೆ ಕೇಳದೆ ನಮ್ಮ ಯಂತ್ರದೊಳಗೆ ಕೈ ಹಾಕುವವರನ್ನೇ ಅಲ್ಲವೇ? ಮತ್ತೆ ವೈರ್ ಸಡಿಲ ಎಂದರೆ ಏನಾಗುತ್ತದೆ? ಇದ್ದರೂ ಇರಬಹುದು ಎನ್ನುತ್ತಾರೆ ಜನ, ಅಳಿಯ ಪಾಪ ಡ್ರೈವರನ್ನು ಉಳಿಸಲು ಹೇಳಿದ ಎನ್ನುತ್ತಾರೆ. ಪರಮಣ್ಣ ಸಾಯುವವರೆಗೆ ಅರ್ಧ ಕಳ್ಳನಾಗಿ ಉಳಿಯುತ್ತಾನೆ. ನಿಂಗರಾಜ ಕೈ ಹಿಂದಕ್ಕೆ ತೆಗೆದುಕೊಂಡ. ಅಷ್ಟರಲ್ಲಿ ಬಾಗಿಲಿಗೆ ಚನ್ನವೀರ ಸಾವ್ಕಾರರು ಬಂದಿದ್ದರು.

ಬರ್ರಿ ಬರ್ರಿ, ಯಾವಾಗ ಬಂದ್ರಿ, ಚಹಾ ಆಯಿತೇನು ಎಂದು ಎಂದಿನಂತೆ ವಿಚಾರಿಸಿದರು. ಪರದೆಯ ಮೇಲೆ ತೆರೆದಿದ್ದನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನಿಂಗರಾಜ ಕುರ್ಚಿಯಿಂದ ಎದ್ದು ನೇರವಾಗಿ ಕೇಳಿದ. ಸಾವ್ಕಾರರು ನಾಗರತ್ನಾಳನ್ನು ಚಹಾ ತರಲು ಕಳಿಸಿ, ಮೆಲ್ಲಗೆ ಕೂತರು.

"ನೀವ ಹೇಳಿಕೊಟ್ಟಿದ್ರಿ, ನಿಂಗರಾಜಪ್ಪ. ಯಾವ ಕೆಲಸಕ್ಕರ ಬಳಸ್ರಿ, ಹೆಂಗ ಬೇಕು ಹಂಗ ತಿದ್ದಿಕೋರಿ, ನನ್ನ ಕೇಳೂದು ಬ್ಯಾಡ ಅಂತ. ನಾ ಅದರಾಗ ಏನರ ತಪ್ಪೀನೇನು?"

ಚೀಟಿಯಲ್ಲಿ ಯಾರು ಬೇಕಾದರೂ ನೋಡಬಹುದು ಎಂದಿದೆ, ಹಾಗಾದರೆ ಈ ಪ್ರೋಗ್ರಾಮಿನ ಪ್ರತಿ ತೆಗೆದುಕೊಡಿ, ಬಾಗಲವಾಡದ ಹಿರಿಯರಿಗೆ ತೋರಿಸುತ್ತೇನೆ ಎಂದ ನಿಂಗರಾಜ. ಸಾವ್ಕಾರರು ತಲೆಯಾಡಿಸಿದರು. ಅವರು ಪರವಾನಗಿಯನ್ನು ಯಾರಿಂದಲೋ ಓದಿಸಿ ತಿಳಿದುಕೊಂಡಿದ್ದರು. ಪ್ರೋಗ್ರಾಮನ್ನು ಯಾರಿಗೆ ಕೊಡುತ್ತೇವೋ ಅವರಿಗೆ ಮಾತ್ರ ಒಳಗಿನದನ್ನು ಕೊಡಬೇಕು. ಅವರು ರೈತರಿಗೆ ಪ್ರೋಗ್ರಾಮು ಕೊಟ್ಟಿಲ್ಲ, ಕೊಟ್ಟದ್ದು ಚೀಟಿ. ಚೀಟಿಯ ಮೇಲಿನ ಮಾತು ನಿಂಗರಾಜನದು, ಗಿರಣಿಯದಲ್ಲ.

ಅವರು ಹೇಳಿದ್ದು ಸರಿಯಾಗಿತ್ತು. ಎಷ್ಟು ಭಾನುವಾರ, ಎಷ್ಟು ಗ್ಲಾಸು ಚಹಾ, ಎಷ್ಟು ವಾದ! ಕಂಪ್ಯೂಟರಿನ ಮುಂದೆ ಕೂತವನ ಬಿಡುಗಡೆಯ ಬಗ್ಗೆ ನಿಂಗರಾಜ ಗಂಟಲು ಹರಿದುಕೊಂಡಿದ್ದ. ಕಬ್ಬಿಣದ ಹಾಸಿನ ಮೇಲೆ ಗಾಡಿ ನಿಲ್ಲಿಸಿದವನ ಕೈಗೆ ಏನು ಬಂತು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಸಾವ್ಕಾರರು ಕೆಟ್ಟ ಮಾತೇನೂ ಆಡಲಿಲ್ಲ. ಈ ಭಾಗದಲ್ಲಿ ಯಾವ ಗಿರಣಿಯವರು ಮುರಿಯುವುದಿಲ್ಲ ಹೇಳಿ ಎಂದರು. ನುಚ್ಚು ಹೆಚ್ಚಾಗಿದೆ, ಕರೆಂಟಿನ ಬಿಲ್ಲು ಏರಿದೆ ಎಂದರು. ನಿಮ್ಮ ಹೆಸರಿಗೆ ಧಕ್ಕೆ ಅನಿಸಿದರೆ ಇವತ್ತೇ ಚೀಟಿಯಿಂದ ಹೆಸರು ತೆಗೆಸುತ್ತೇನೆ, ಅದು ನಿಮ್ಮ ಹಕ್ಕು ಎಂದರು. ಸಿರವಾರದ ಇಬ್ಬರು ಗಿರಣಿಯವರು ತಕ್ಕಡಿ ಹಾಕಿಸುವ ಯೋಚನೆಯಲ್ಲಿದ್ದಾರೆ, ನಾನು ನಿಮ್ಮ ಬಗ್ಗೆ ಒಳ್ಳೆಯ ಮಾತೇ ಹೇಳಿದ್ದೇನೆ ಎಂದೂ ಸೇರಿಸಿದರು. ಚಹಾ ಬಂತು. ನಿಂಗರಾಜ ಕುಡಿಯಲಿಲ್ಲ.

ಬಾಗಲವಾಡದ ದಾರಿಯಲ್ಲಿ ಅವನು ಬೈಕು ಓಡಿಸಿದ ರೀತಿಗೆ ಎದುರಿಗೆ ಬಂದವರು ಬೈದು ಪಕ್ಕಕ್ಕೆ ಸರಿದರು. ಕಾಲುವೆಯ ದಂಡೆಗುಂಟ ಭತ್ತ ಒಣಹಾಕಿದ್ದರು, ಅರ್ಧ ರಸ್ತೆ ಅದಕ್ಕೇ ಹೋಗಿತ್ತು. ತಲೆಯಲ್ಲಿ ಒಂದರ ಹಿಂದೆ ಒಂದು ದಾರಿ ತೆರೆಯುತ್ತಿತ್ತು. ಹೆಸರು ತೆಗೆಸಿಬಿಡಬಹುದು, ಆಗ ತಕ್ಕಡಿಗೂ ತನಗೂ ಸಂಬಂಧವಿಲ್ಲ. ತಿದ್ದಿದ್ದು ಗೌತಮ ಎಂದು ಅವನ ಮೇಲೆ ಹಾಕಬಹುದು, ಸುಳ್ಳೇನಲ್ಲ. ಬೈಕು ಕೆಟ್ಟಿತೆಂದು ಹೋಗದೆಯೇ ಇರಬಹುದು. ಪ್ರತಿಯೊಂದು ದಾರಿಯ ಕೊನೆಗೂ ಪರಮಣ್ಣ ಕಪಾಳ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ. ಅವನ ಕೆನ್ನೆಗೆ ಬಿದ್ದ ಏಟಿನ ಬಲ ಮಾವನ ಕೈಯಿಂದ ಬಂದದ್ದಲ್ಲ, ತಾನು ಕೊಟ್ಟ ಭರವಸೆಯಿಂದ ಬಂದದ್ದು ಎಂದು ನಿಂಗರಾಜನಿಗೆ ಅನಿಸಿತು.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಆಗಲೇ ಕೂತಿದ್ದರು. ನಡುವೆ ಶರಣಯ್ಯನವರು, ಊರಿನ ವ್ಯಾಜ್ಯಗಳಿಗೆಲ್ಲ ಅವರದೇ ಕೊನೆಯ ಮಾತು. ಮಾವ ಹನುಮಂತ್ರಾಯ ಕಟ್ಟೆಯ ಕೆಳಗೆ ಅತ್ತಿತ್ತ ತಿರುಗುತ್ತಿದ್ದ. ಕೊಯ್ಯುವ ಯಂತ್ರ ಹೊಲದಲ್ಲಿ ಸುಮ್ಮನೆ ನಿಂತಿದೆ ಎನ್ನುವ ಸಂಕಟ ಬೇರೆ ಅವನಿಗೆ. ಪರಮಣ್ಣ ಸ್ವಲ್ಪ ದೂರದಲ್ಲಿ ಬೇವಿನ ಮರಕ್ಕೆ ಒರಗದೆ ನೆಟ್ಟಗೆ ನಿಂತಿದ್ದ. ಅವನ ಹೆಂಡತಿ ಯಮನಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ನಿಂಗರಾಜ ಬೈಕಿನಿಂದ ಇಳಿದದ್ದೇ ಮಾವನ ಮುಖ ಅರಳಿತು. ಬಂದ ನೋಡ್ರಿ, ಅವನ್ನೇ ಕೇಳ್ರಿ ಎಂದ.

ಶರಣಯ್ಯನವರು ಸುತ್ತಿಬಳಸಿ ಮಾತಾಡುವವರಲ್ಲ.

"ತಮ್ಮಾ, ಆ ಯಂತ್ರ ನೀ ಮಾಡಿದ್ದು. ಅದು ಸುಳ್ಳು ಹೇಳ್ತದೇನು?"

ಇಡೀ ಕಟ್ಟೆ ಅವನ ಬಾಯಿಯನ್ನೇ ನೋಡುತ್ತಿತ್ತು. ಇಲ್ಲಿನ ಜನಕ್ಕೆ ಅವನು ಹೆಮ್ಮೆಯ ಹುಡುಗ. ಊರಲ್ಲಿ ಅವನ ಹೆಸರು ಅಚ್ಚಾದ ಚೀಟಿಯನ್ನು ದೇವರ ಜಗುಲಿಯ ಪಕ್ಕ ಅಂಟಿಸಿಕೊಂಡ ಮನೆಯೂ ಒಂದಿತ್ತು. ನಿಂಗರಾಜ ಮಾವನ ಕಡೆ ನೋಡದೆ ಹೇಳಿದ.

"ಹೇಳ್ತದರಿ ಯಪ್ಪಾ. ಈ ಸುಗ್ಗಿ ಶುರು ಆದಾಗಿಂದ ಹೇಳಾಕತ್ತದ. ತುಂಬಿದ ಗಾಡಿ ನಿಂತ್ರ ಎರಡು ಚೀಲ ನುಂಗ್ತದ. ನಾ ಈಗ ಕಣ್ಣಾರೆ ನೋಡಿ ಬಂದೀನಿ. ಪರಮಣ್ಣ ಒಂದು ಕಾಳೂ ಮುಟ್ಟಿಲ್ಲ."

ಉಳಿದದ್ದನ್ನೂ ಹೇಳಿದ. ಸೂಟು ಎರಡು ಸಲ ಮುರಿಯುತ್ತಿರುವುದನ್ನು ಹೇಳಿದ, ಗಿರಣಿಯವರಿಗೆ ತಿದ್ದುವ ಹಕ್ಕು ಕೊಟ್ಟದ್ದು ತಾನೇ ಎಂದು ಹೇಳಿದ, ಆಮೇಲೆ ತಾನು ಅತ್ತ ತಿರುಗಿಯೂ ನೋಡಲಿಲ್ಲವೆಂದು ಹೇಳಿದ. ಗೌತಮನ ಹೆಸರನ್ನು ಎತ್ತಲಿಲ್ಲ. ಮಾವ ಮೊದಲು ನಂಬಲಿಲ್ಲ. ಇವನನ್ನು ಉಳಿಸಬೇಕಂತ ಹೇಳಾಕತ್ತಿಯೇನು, ರೊಟ್ಟಿ ಕೊಟ್ಟಾನಂತ ಋಣ ತೀರಿಸಾಕತ್ತಿಯೇನು ಎಂದು ಕೂಗಾಡಿದ. ಶರಣಯ್ಯನವರು ಕೈಯೆತ್ತಿ ಸುಮ್ಮನಾಗಿಸಿದರು. ಹುಡುಗ ತನ್ನ ಹೆಸರನ್ನು ತನ್ನ ಬಾಯಿಂದಲೇ ಮಣ್ಣುಪಾಲು ಮಾಡಿಕೊಳ್ಳುತ್ತಿದ್ದಾನೆ, ಸುಳ್ಳು ಹೇಳಲು ಯಾರೂ ಇಷ್ಟು ಬೆಲೆ ಕೊಡುವುದಿಲ್ಲ ಎಂದರು. ಕಟ್ಟೆಯ ಮೇಲಿದ್ದ ಒಬ್ಬೊಬ್ಬರೂ ಈ ಸಲ ತಮ್ಮ ಗಾಡಿಗಳ ತೂಕ ಎಷ್ಟು ಬಂದಿತ್ತೆಂದು ಲೆಕ್ಕ ಹಾಕತೊಡಗಿದರು. ತೂಕ ಕಮ್ಮಿ ಬಂತೆಂದು ಒಂದು ಮನೆಯವರು ಕೊಯ್ಲಿನ ಆಳುಗಳನ್ನು ಬಿಡಿಸಿದ್ದರು. ಇನ್ನೊಂದು ಮನೆಯಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರು. ಯಂತ್ರದ ಮೇಲೆ ಮಾತ್ರ ಯಾರಿಗೂ ಸಂಶಯ ಬಂದಿರಲಿಲ್ಲ. ಗಿರಣಿಯವರನ್ನು, ನಿಂಗರಾಜನನ್ನು ಒಟ್ಟಿಗೇ ಸೇರಿಸಿ ಬೈಯುವ ಸದ್ದು ಎದ್ದಿತು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಮಾವನ ಸಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಸೊಂಟದಿಂದ ಟ್ರ್ಯಾಕ್ಟರಿನ ಕೀಲಿ ತೆಗೆದು ಪರಮಣ್ಣನ ಮುಂದೆ ಹಿಡಿದ. ಕಣ್ಣಿಗೆ ಕಣ್ಣು ಕೊಡಲಿಲ್ಲ.

"ತಪ್ಪಾತು. ತಗೋ. ಹೊಲದಾಗ ಮಷೀನ್ ನಿಂತದ."

ಪರಮಣ್ಣ ಕೀಲಿಯನ್ನು ನೋಡಿದ, ಕೈ ಚಾಚಲಿಲ್ಲ.

"ನಿನ್ನಿ ಯಂತ್ರ ನನ್ನ ಕಳ್ಳ ಅಂತು, ನಂಬಿದ್ರಿ. ಇವತ್ತ ಯಂತ್ರನ ಸುಳ್ಳು ಅಂತ ತಿಳೀತು, ನಾ ಒಳ್ಳೇಂವ ಆದೆ. ನಡುವ ನಾನೂ ಒಂದು ಮಾತು ಹೇಳಿದ್ದೆ ಧಣಿ. ಅದನ್ನ ಯಾರೂ ತೂಗಲಿಲ್ಲ."

ಮಾವ ಕೀಲಿಯನ್ನು ಹಾಗೆಯೇ ಹಿಡಿದು ನಿಂತ. ಪರಮಣ್ಣ ನಿಂಗರಾಜನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು.

"ತಮ್ಮಾ, ಯಾರು ಬೇಕಾದ್ರೂ ನೋಡಬಹುದು ಅಂತ ಚೀಟ್ಯಾಗ ಬರದಿದ್ದಿಯಂತ. ನನಗ ಓದಾಕ ಬರಂಗಿಲ್ಲ. ನೋಡಿದವರು ಯಾರು?"

"ಯಾರೂ ನೋಡಿಲ್ಲಣ್ಣ. ನಾನೂ ನೋಡಿರಲಿಲ್ಲ."

ಪರಮಣ್ಣ ತಲೆಯಾಡಿಸಿ, ಹೆಂಡತಿಯ ಕಡೆ ಒಮ್ಮೆ ನೋಡಿ, ಗುಡಿಸಲಿನ ದಾರಿ ಹಿಡಿದ. ಯಮನಮ್ಮ ಹಿಂದೆ ನಡೆದಳು. ಶರಣಯ್ಯನವರು ಕರೆದರು, ಅವನು ನಿಲ್ಲಲಿಲ್ಲ. ನಿಂಗರಾಜ ಓಡುತ್ತ ಹೋಗಿ ಅವನನ್ನು ಗುಡಿಸಲಿನ ಬಾಗಿಲಲ್ಲಿ ಹಿಡಿದ. ಒಳಗೆ ಸಾಮಾನೆಲ್ಲ ಆಗಲೇ ಗಂಟು ಕಟ್ಟಿಟ್ಟಿತ್ತು. ತೀರ್ಮಾನ ಏನೇ ಆಗಲಿ ಹೋಗುವುದೆಂದು ಗಂಡ ಹೆಂಡತಿ ಮೊದಲೇ ನಿಶ್ಚಯಿಸಿದ್ದರೆಂದು ಆಗ ತಿಳಿಯಿತು.

ನಿಂಗರಾಜನ ಬಾಯಿಂದ ಮಾತುಗಳು ಒಂದರ ಮೇಲೊಂದು ಬಿದ್ದವು. ಊರೂರಿಗೆ ಹೋಗುತ್ತೇನೆ ಎಂದ. ಗಿರಣಿಗೆ ಭತ್ತ ಹಾಕುವ ಪ್ರತಿಯೊಂದು ಹಳ್ಳಿಯ ಕಟ್ಟೆಯ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳುತ್ತೇನೆ, ಪರಮಣ್ಣ ಕಳ್ಳ ಅಲ್ಲವೆಂದು ಸಾರಿ ಹೇಳುತ್ತೇನೆ ಎಂದ.

ಪರಮಣ್ಣ ಗಂಟನ್ನು ಹೆಗಲಿಗೇರಿಸಿಕೊಂಡು, ಅವನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟ.

"ಗಿರಣಿ ಮಾತು ಹೇಳು. ಯಂತ್ರದ ಮಾತು ಹೇಳು. ನನ್ನ ಹೆಸರು ಮಾತ್ರ ತಗೀಬ್ಯಾಡಪ್ಪ. ಪರಮಣ್ಣ ಕಳ್ಳ ಅಲ್ಲ ಅಂತ ನೀ ಹೇಳಿದ ಊರಾಗೆಲ್ಲ, ಯಾವ ಪರಮಣ್ಣ, ಏನು ಕದ್ದಿದ್ದ ಅಂತ ಕೇಳ್ತಾರ."

ಅವರಿಬ್ಬರೂ ಕವಿತಾಳದ ರಸ್ತೆಯ ಕಡೆ ನಡೆದರು. ನಿಂಗರಾಜ ಹಿಂದೆ ಹೋಗಲಿಲ್ಲ.